ಪಿಟ್ಯುಟರಿ ತೆಗೆದರೆ ಅಂಡಾಶಯ ಎಚ್ಚರವಾಗುತ್ತದೆಯೇ? ಹಸು, ಕಾಂಗರೂ ಮತ್ತು ಒಂದು ಹಳದಿ ಗಂಟು

ಪ್ರಶ್ನೆ: ನಾನು ಮಂಡ್ಯದಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದೇನೆ. ಊರು ಪಾಂಡವಪುರದ ಕಡೆ. ಮನೆಯಲ್ಲಿ ಎರಡು ಸೀಮೆ ಹಸು ಇವೆ. ಒಂದು ಬೆದೆಗೆ ಬರಲಿಲ್ಲ ಅಂತ ಡಾಕ್ಟರನ್ನು ಕರೆಸಿದೆವು. ಅವರು ಕೈ ಹಾಕಿ ನೋಡಿ, ಅಂಡಾಶಯದಲ್ಲಿ ಹಳದಿ ಗಂಟು ಕೂತಿದೆ, ಕರಗಿಸಬೇಕು ಎಂದು ಇಂಜೆಕ್ಷನ್ ಕೊಟ್ಟರು. ಮೂರನೇ ದಿನ ಬೆದೆಗೆ ಬಂತು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್ ಇಲ್ಲದೆ ಅಂಡಾಶಯ ಕೆಲಸ ಮಾಡುವುದಿಲ್ಲ ಎಂದು ನಮಗೆ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದಾರೆ. ಆದರೆ ನೋಟ್ಸ್‌ನಲ್ಲಿ ಕಾಂಗರೂ ಬಗ್ಗೆ ಒಂದೇ ಒಂದು ಸಾಲು ಇದೆ: ಪಿಟ್ಯುಟರಿ ತೆಗೆದರೆ ಅದರ ಕಾರ್ಪಸ್ ಲೂಟಿಯಂ ಮತ್ತೆ ಬೆಳೆಯಲು ಶುರುಮಾಡುತ್ತದೆ. ಇದು ಪ್ರಿಂಟ್ ತಪ್ಪಾ? ನಮ್ಮ ಹಸುವಿಗೆ ಕೊಟ್ಟ ಇಂಜೆಕ್ಷನ್ ಕಾಂಗರೂಗೂ ಹಾಗೇ ಕೆಲಸ ಮಾಡುತ್ತದಾ? ಸೆಮಿನಾರ್‌ಗೆ ಇದನ್ನೇ ತೆಗೆದುಕೊಳ್ಳಬಹುದಾ?

ಉತ್ತರ: ಪ್ರಿಂಟ್ ತಪ್ಪಲ್ಲ. ಆ ಸಾಲು ಪೂರ್ತಿ ನಿಜ. ಅದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರಲ್ಲ, ಅದೇ ನನಗೆ ಬೇಸರ. ನೀವು ಅಲ್ಲೇ ನಿಂತು ಕೇಳಿದ್ದು ತುಂಬಾ ಸಂತೋಷ.

ಮೊದಲು ನಿಮ್ಮ ಕೊಟ್ಟಿಗೆಯಿಂದಲೇ ಶುರುಮಾಡೋಣ. ಡಾಕ್ಟರ್ ಹೇಳಿದ ಹಳದಿ ಗಂಟೇ ಕಾರ್ಪಸ್ ಲೂಟಿಯಂ. ಮೊಟ್ಟೆ ಹೊರಬಿದ್ದ ಮೇಲೆ ಅದನ್ನು ಹೊತ್ತಿದ್ದ ಫಾಲಿಕಲ್ ಖಾಲಿಯಾಗುತ್ತದೆ. ಅದರ ಗೋಡೆಯ ಜೀವಕೋಶಗಳು ಉಬ್ಬಿ, ರಕ್ತನಾಳ ತುಂಬಿಕೊಂಡು, ಗರ್ಭವನ್ನು ಉಳಿಸುವ ಹಾರ್ಮೋನ್ ಆದ ಪ್ರೊಜೆಸ್ಟರಾನ್ ತಯಾರಿಸುವ ಗ್ರಂಥಿಯಾಗುತ್ತವೆ. ಹಸುವಿನಲ್ಲಿ ಈ ಗಂಟನ್ನು ಜೀವಂತ ಇಡುವುದು ಪಿಟ್ಯುಟರಿಯಿಂದ ಬರುವ ಎಲ್‌ಎಚ್ ಎಂಬ ಹಾರ್ಮೋನ್. ಎಲ್‌ಎಚ್ ನಿಂತರೆ ಗಂಟು ಸೊರಗುತ್ತದೆ. ಗಬ್ಬ ನಿಲ್ಲದಿದ್ದರೆ ಸುಮಾರು 17ನೇ ದಿನದ ಹೊತ್ತಿಗೆ ಗರ್ಭಕೋಶವೇ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಬಿಟ್ಟು ಗಂಟನ್ನು ಕರಗಿಸುತ್ತದೆ. 21 ದಿನಕ್ಕೆ ಹಸು ಮತ್ತೆ ಬೆದೆಗೆ ಬರುತ್ತದೆ. ಡಾಕ್ಟರ್ ಕೊಟ್ಟಿದ್ದು ಅದೇ ಪ್ರೊಸ್ಟಗ್ಲಾಂಡಿನ್. ಗಬ್ಬ ನಿಂತಿದ್ದರೆ ಭ್ರೂಣ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನ್ ಕಳಿಸಿ ಆ ಕರಗುವಿಕೆಯನ್ನು ತಡೆಯುತ್ತದೆ. ಆಗ ಗಂಟು ತಿಂಗಳುಗಟ್ಟಲೆ ಉಳಿಯುತ್ತದೆ. ಇಲ್ಲಿಯವರೆಗೆ ನಿಮ್ಮ ಸಿಲಬಸ್‌ನಲ್ಲಿ ಇರುವುದೇ.

ಪ್ರೊಜೆಸ್ಟರಾನ್‌ನಂಥ ಸ್ಟೀರಾಯ್ಡ್ ಹಾರ್ಮೋನ್‌ಗಳು ತಯಾರಾಗುವ ದಾರಿ ಎಲ್ಲಾ ಸಸ್ತನಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಕೊಲೆಸ್ಟರಾಲ್‌ನಿಂದ ಪ್ರೆಗ್ನೆನೊಲೋನ್, ಅದರಿಂದ ಪ್ರೊಜೆಸ್ಟರಾನ್, ಮುಂದೆ ಆಂಡ್ರೊಜನ್, ಕೊನೆಗೆ ಅರೋಮಟೇಸ್ ಎಂಬ ಕಿಣ್ವದಿಂದ ಬೆದೆ ತರಿಸುವ ಈಸ್ಟ್ರಡಯಾಲ್. ಕಾಂಗರೂ ಅಂಡಾಶಯದಲ್ಲೂ ಇದೇ ಮೆಟ್ಟಿಲು. ಕಿಣ್ವಗಳೂ ಅವೇ. ವ್ಯತ್ಯಾಸ ಇರುವುದು ಅದಕ್ಕೆ ಅಪ್ಪಣೆ ಕೊಡುವವರು ಯಾರು, ಯಾವಾಗ ಎಂಬಲ್ಲಿ ಮಾತ್ರ.

ಈ ವಿಷಯದಲ್ಲಿ ಜಗತ್ತಿಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಒಂದು ಸಣ್ಣ ಪ್ರಾಣಿಯಿಂದ ಬಂದಿದೆ. ಅದು ಟಮಾರ್ ವಾಲಬಿ. ಕಾಂಗರೂ ಕುಟುಂಬದ್ದು. ಹೆಣ್ಣು ಸುಮಾರು ಐದು ಕೆಜಿ ತೂಗುತ್ತದೆ, ಅಷ್ಟೆ. ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ಐಲೆಂಡ್ ಎಂಬ ದ್ವೀಪದಲ್ಲಿ ಇವು ಜಾಸ್ತಿ. ಅದರ ವರ್ಷದ ಲೆಕ್ಕ ಕೇಳಿದರೆ ನಿಮಗೇ ಆಶ್ಚರ್ಯವಾಗುತ್ತದೆ.

ಜನವರಿ ಕೊನೆ, ಫೆಬ್ರವರಿಯಲ್ಲಿ ಮರಿ ಹುಟ್ಟುತ್ತದೆ. ತೂಕ ಅರ್ಧ ಗ್ರಾಮ್ ಕೂಡ ಇಲ್ಲ. ಅದು ತಾನೇ ತೆವಳಿಕೊಂಡು ಚೀಲ ಸೇರಿ ಒಂದು ಮೊಲೆತೊಟ್ಟು ಹಿಡಿಯುತ್ತದೆ. ಮರಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಬೆದೆಗೆ ಬಂದು ಗಂಡಿನ ಜೊತೆ ಸೇರುತ್ತದೆ. ನಮ್ಮ ಹಸುಗಳು ಕರು ಹಾಕಿ ಒಂದೂವರೆ ಎರಡು ತಿಂಗಳಾದರೂ ಬೆದೆಗೆ ಬರಲಿಲ್ಲ ಅಂತ ಒದ್ದಾಡುತ್ತೇವೆ, ಅಲ್ವಾ? ಇಲ್ಲಿ ಅದೇ ದಿನ. ಹೊಸ ಭ್ರೂಣ ಒಂದು ವಾರದಲ್ಲಿ ಸುಮಾರು 80ರಿಂದ 100 ಜೀವಕೋಶಗಳ ಪುಟ್ಟ ಚೆಂಡಾಗುತ್ತದೆ. ಆಮೇಲೆ ನಿಂತುಬಿಡುತ್ತದೆ. ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಹನ್ನೊಂದು ತಿಂಗಳವರೆಗೂ ಹಾಗೇ ಇರಬಲ್ಲದು. ಅದರ ಜೊತೆಗೇ ಅಂಡಾಶಯದಲ್ಲಿ ಹುಟ್ಟಿದ ಹಳದಿ ಗಂಟು ಕೂಡ ಚಿಕ್ಕದಾಗಿಯೇ ಉಳಿದು, ಪ್ರೊಜೆಸ್ಟರಾನ್ ತೀರಾ ಕಡಿಮೆ ಕೊಡುತ್ತಾ ಕೂತಿರುತ್ತದೆ. ಭ್ರೂಣ ನಿಂತಿರುವುದಕ್ಕೆ ಕಾರಣ ಈ ಗಂಟು ನಿಂತಿರುವುದು.

ಹಾಗಾದರೆ ಗಂಟನ್ನು ನಿಲ್ಲಿಸಿದವರು ಯಾರು? ಚೀಲದ ಪ್ರಾಣಿಗಳಲ್ಲಿ, ಅಂದರೆ ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಪ್ರಾಣಿಗಳಲ್ಲಿ, ಗರ್ಭ ಹೀಗೆ ತಡೆದು ನಿಲ್ಲುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಸಂಶೋಧಕ ಜೆಫ್ ಶಾರ್ಮನ್ 1950ರ ದಶಕದಲ್ಲೇ ತೋರಿಸಿದ್ದರು. ಚೀಲದ ಮರಿಯನ್ನು ತೆಗೆದರೆ ನಿಂತಿದ್ದ ಗರ್ಭ ಮುಂದುವರಿಯುತ್ತದೆ ಎಂಬುದೂ ಗೊತ್ತಿತ್ತು. ಮರಿ ಹಾಲು ಕುಡಿಯುತ್ತಿರುವಾಗ ಪಿಟ್ಯುಟರಿ ಸರಿಯಾದ ಹಾರ್ಮೋನ್ ಕೊಡುತ್ತಿಲ್ಲ, ಅದಕ್ಕೇ ಗಂಟು ಬೆಳೆಯುತ್ತಿಲ್ಲ ಎಂದು ಯಾರಾದರೂ ಊಹಿಸುವುದು ಸಹಜ. ಇಲಿ, ಕುರಿ, ಹಸುವಿನ ಪಾಠ ಓದಿದವರು ಹಾಗೇ ಯೋಚಿಸುತ್ತಾರೆ. ಅದು ನಿಜವಾಗಿದ್ದರೆ ಪಿಟ್ಯುಟರಿ ಪೂರ್ತಿ ತೆಗೆದಾಗ ಗಂಟು ಇನ್ನೂ ಬೇಗ ಸೊರಗಬೇಕು.

ಜಾನ್ ಹರ್ನ್ ಎಂಬ ಸಂಶೋಧಕ ಇದನ್ನು ಮಾಡಿ ನೋಡಿದರು. 1973ರಲ್ಲಿ ಪ್ರಕಟವಾದ ಫಲಿತಾಂಶವೇ ನಿಮ್ಮ ನೋಟ್ಸಿನ ಆ ಒಂದು ಸಾಲು. ನಿಂತ ಗರ್ಭ ಹೊತ್ತಿದ್ದ ಟಮಾರ್‌ಗಳ ಪಿಟ್ಯುಟರಿ ತೆಗೆದರು. ಗಂಟು ಬೆಳೆಯತೊಡಗಿತು. ಪ್ರೊಜೆಸ್ಟರಾನ್ ಬಂತು. ಭ್ರೂಣ ಎಚ್ಚರವಾಗಿ ಮುಂದುವರಿಯಿತು. ಅಂದರೆ ಈ ಗಂಟು ತನ್ನ ಕೆಲಸ ತಾನೇ ಮಾಡಬಲ್ಲದು. ಅದಕ್ಕೆ ಮೇಲಿನಿಂದ ಯಾರೂ ಹೇಳಬೇಕಿಲ್ಲ. ಪಿಟ್ಯುಟರಿ ಮಾಡುತ್ತಿದ್ದದ್ದು ಅದನ್ನು ತಡೆದು ಹಿಡಿಯುವ ಕೆಲಸ. ನಿಮ್ಮ ಕಡೆಯ ಗದ್ದೆಯ ಮಾತಿನಲ್ಲಿ ಹೇಳುವುದಾದರೆ, ಹಸುವಿನ ಗಂಟು ಪಂಪ್‌ಸೆಟ್ ಓಡಿದರೆ ಮಾತ್ರ ನೀರು ಬರುವ ಗದ್ದೆ. ವಾಲಬಿಯ ಗಂಟು ನಾಲೆಯ ಕೆಳಗಿನ ಗದ್ದೆ, ತೂಬು ಮುಚ್ಚಿದ್ದರಿಂದ ನೀರು ನಿಂತಿದೆ.

ಆದರೆ ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಪರೀಕ್ಷೆಯಲ್ಲಿ ತಪ್ಪು ಬರೆಯುತ್ತೀರಿ. ಪಿಟ್ಯುಟರಿ ತೆಗೆದ ಆ ವಾಲಬಿಗಳಲ್ಲಿ ಹೊಸ ಫಾಲಿಕಲ್ ಬೆಳೆಯಲಿಲ್ಲ. ಗರ್ಭ ಕೊನೆಯವರೆಗೆ ಬೆಳೆದರೂ ಹೆರಿಗೆ ಸರಿಯಾಗಿ ಆಗಲಿಲ್ಲ. ಈಸ್ಟ್ರಡಯಾಲ್ ಕೊಡುವ ದೊಡ್ಡ ಫಾಲಿಕಲ್ ಬೇಕಾದರೆ ವಾಲಬಿಗೂ ಪಿಟ್ಯುಟರಿಯ ಇನ್ನೊಂದು ಹಾರ್ಮೋನ್ ಎಫ್‌ಎಸ್‌ಎಚ್ ಬೇಕು. ಮೊಟ್ಟೆ ಹೊರಬೀಳಬೇಕಾದರೆ ಎಲ್‌ಎಚ್ ಒಮ್ಮೆಲೇ ಏರಬೇಕು. ಇದು ಹಸು, ಕುರಿ, ಮನುಷ್ಯರಂತೆಯೇ. ಒಂದೇ ಅಂಡಾಶಯದಲ್ಲಿ ಎರಡು ಬಗೆಯ ಆಡಳಿತ ಇದೆ ಎನ್ನಿ. ಈಸ್ಟ್ರಡಯಾಲ್ ಭಾಗ ಪಿಟ್ಯುಟರಿಯ ಮಾತು ಕೇಳಿ ನಡೆಯುತ್ತದೆ. ಪ್ರೊಜೆಸ್ಟರಾನ್ ಭಾಗ ಸ್ವತಂತ್ರ, ಪಿಟ್ಯುಟರಿ ತಡೆದಾಗ ಮಾತ್ರ ನಿಲ್ಲುತ್ತದೆ. ಈ ಎರಡನ್ನೂ ಬೇರೆಬೇರೆ ಇಟ್ಟು ನೋಡಿದರೆ ಚೀಲದ ಪ್ರಾಣಿಗಳ ಬಹುಪಾಲು ಗೊಂದಲ ಬಗೆಹರಿಯುತ್ತದೆ.

ತಡೆಯುವ ಹಾರ್ಮೋನ್ ಯಾವುದು ಎಂದರೆ ಪ್ರೊಲ್ಯಾಕ್ಟಿನ್. ಹಾಲಿನ ಹಾರ್ಮೋನ್ ಎಂದು ನೀವು ಓದಿರುವುದೇ. ಟಮಾರ್‌ನ ಹಳದಿ ಗಂಟಿನ ಜೀವಕೋಶಗಳ ಮೇಲೆ ಪ್ರೊಲ್ಯಾಕ್ಟಿನ್ ಹಿಡಿಯುವ ರಿಸೆಪ್ಟರ್‌ಗಳು ಇವೆ. ಬ್ರೊಮೊಕ್ರಿಪ್ಟಿನ್ ಎಂಬ ಔಷಧ ಪಿಟ್ಯುಟರಿಯಿಂದ ಪ್ರೊಲ್ಯಾಕ್ಟಿನ್ ಬರುವುದನ್ನು ಕಡಿಮೆ ಮಾಡುತ್ತದೆ. ಅದನ್ನು ಕೊಟ್ಟರೆ ಚೀಲದಲ್ಲಿ ಮರಿ ಇದ್ದರೂ ಗಂಟು ಎಚ್ಚರವಾಗುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ ಸಂಶೋಧಕಿ ಮರಿಲಿನ್ ರೆನ್‌ಫ್ರೀ 1979ರಲ್ಲಿ ಪ್ರಕಟಿಸಿದ್ದು. ತೂಬು ಮುಚ್ಚಿಸುವ ಸುದ್ದಿ ಮೊಲೆಯಿಂದ ಮೆದುಳಿಗೆ ಹೇಗೆ ಹೋಗುತ್ತದೆ? ಹಾಲು ಹೊರಹೋಗುವುದರಿಂದಲೋ, ಮರಿ ಚೀಪುವ ಸ್ಪರ್ಶದಿಂದಲೋ? ಅವರು ಮರಿ ಚೀಪುತ್ತಿದ್ದ ಮೊಲೆಯ ನರವನ್ನು ಕತ್ತರಿಸಿದರು. ಮರಿ ಅಲ್ಲೇ ಇತ್ತು, ಚೀಪುತ್ತಲೂ ಇತ್ತು. ಆದರೂ ಒಳಗೆ ನಿಂತಿದ್ದ ಭ್ರೂಣ ಬೆಳೆಯತೊಡಗಿತು. ಸುದ್ದಿ ಹೋಗುತ್ತಿದ್ದದ್ದು ನರದ ಮೂಲಕ ಎಂಬುದು ಅಲ್ಲಿಗೆ ಖಚಿತವಾಯಿತು. ಇಷ್ಟು ನೇರವಾಗಿ ಪ್ರಶ್ನೆ ಕೇಳಿ ಇಷ್ಟು ನೇರವಾಗಿ ಉತ್ತರ ಪಡೆದ ಪ್ರಯೋಗ ಶರೀರಶಾಸ್ತ್ರದಲ್ಲಿ ಜಾಸ್ತಿ ಸಿಗುವುದಿಲ್ಲ.

ಈಗ ವರ್ಷದ ಎರಡನೇ ಭಾಗ. ಮೇ, ಜೂನ್ ದಾಟಿದ ಮೇಲೆ ಮರಿಯನ್ನು ತೆಗೆದರೂ ಗಂಟು ಎಚ್ಚರವಾಗುವುದಿಲ್ಲ. ಆಗ ತಡೆಯುತ್ತಿರುವುದು ಮರಿಯಲ್ಲ, ಹಗಲಿನ ಉದ್ದ. ಅಲ್ಲೂ ಕೊನೆಗೆ ಬರುವುದು ಅದೇ ಪ್ರೊಲ್ಯಾಕ್ಟಿನ್. ಕತ್ತಲಾದಾಗ ಪೀನಿಯಲ್ ಗ್ರಂಥಿ ಮೆಲಟೊನಿನ್ ಬಿಡುತ್ತದೆ. ರಾತ್ರಿ ಎಷ್ಟು ಉದ್ದವೋ ಮೆಲಟೊನಿನ್ ಅಷ್ಟು ಹೊತ್ತು ಇರುತ್ತದೆ. ಭ್ರೂಣ ನಿಂತಿರುವ ಕಾಲದಲ್ಲಿ ಪ್ರತಿದಿನ ಬೆಳಗಿನ ಜಾವ ಸ್ವಲ್ಪ ಹೊತ್ತು ಪ್ರೊಲ್ಯಾಕ್ಟಿನ್ ಮೇಲೇರಿ ಇಳಿಯುತ್ತದೆ. ಗಂಟನ್ನು ಸುಮ್ನೆ ಕೂರಿಸಲು ಆ ಒಂದು ಸಣ್ಣ ಏರಿಕೆಯೇ ಸಾಕು. ಡಿಸೆಂಬರ್ 22ರ ಹೊತ್ತಿಗೆ ದಕ್ಷಿಣಾರ್ಧ ಗೋಳದಲ್ಲಿ ಹಗಲು ಅತಿ ಉದ್ದ. ಅಲ್ಲಿಂದ ರಾತ್ರಿ ಉದ್ದವಾಗತೊಡಗುತ್ತದೆ. ಬೆಳಗಿನ ಆ ಏರಿಕೆ ಮಾಯವಾಗುತ್ತದೆ. ಗಂಟು ಎಚ್ಚರವಾಗುತ್ತದೆ. ಅಲ್ಲಿಂದ ಒಂದು ತಿಂಗಳು ದಾಟುವ ಹೊತ್ತಿಗೆ, ಜನವರಿ ಕೊನೆಗೆ, ದ್ವೀಪದ ತುಂಬಾ ಮರಿಗಳು. ಸಂಜೆಯಾಗುವ ಎರಡೂವರೆ ಗಂಟೆ ಮೊದಲು ದಿನಾ ಮೆಲಟೊನಿನ್ ಚುಚ್ಚಿದರೆ, ರಾತ್ರಿ ಉದ್ದವಾಯಿತು ಎಂದೇ ದೇಹ ತಿಳಿಯುತ್ತದೆ.

ಕಾಂಗರೂ ಐಲೆಂಡ್ ಇರುವ ಜಾಗದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ನಾಲ್ಕೂಮುಕ್ಕಾಲು ಗಂಟೆಯಷ್ಟು ವ್ಯತ್ಯಾಸ ಇದೆ. ಮೈಸೂರು, ಮಂಡ್ಯದಲ್ಲಿ ಅದು ಒಂದೂವರೆ ಗಂಟೆ ಮಾತ್ರ. ನಮಗೆ ಹಗಲಿನ ಉದ್ದ ಅಷ್ಟಾಗಿ ಗಮನಕ್ಕೇ ಬರುವುದಿಲ್ಲ, ಮಳೆ ಮೇವೇ ನಮ್ಮ ಕ್ಯಾಲೆಂಡರ್. ಒಣ ಬಯಲಿನ ಕೆಂಪು ಕಾಂಗರೂ ಕೂಡ ಸ್ವಲ್ಪ ಹಾಗೇ. ಅದಕ್ಕೆ ಇಂಥದ್ದೇ ತಿಂಗಳು ಎಂದಿಲ್ಲ, ಬರಗಾಲ ಜೋರಾದರೆ ಮಾತ್ರ ಮರಿ ಹಾಕುವುದು ನಿಲ್ಲಿಸುತ್ತದೆ. ಅದರಲ್ಲೂ ಮರಿ ಚೀಪುತ್ತಿರುವವರೆಗೆ ಭ್ರೂಣ ನಿಂತಿರುತ್ತದೆ.

ಎಚ್ಚರವಾದ ಗಂಟು ಏನು ಮಾಡುತ್ತದೆ ಎಂಬುದಕ್ಕೆ ಬರೋಣ. ಮರಿ ತೆಗೆದ ದಿನವನ್ನು ಸೊನ್ನೆ ಎಂದುಕೊಳ್ಳಿ. ಮೊದಲ ಮೂರು ದಿನ ತಡೆ ಇಲ್ಲದೆ ಕಳೆಯಬೇಕು. ಆಮೇಲೆ ಮರಿಯನ್ನು ವಾಪಸ್ ಇಟ್ಟರೂ ಗಂಟು ಹಿಂದೆ ಹೋಗುವುದಿಲ್ಲ. ಐದಾರನೇ ದಿನಕ್ಕೆ ಪ್ರೊಜೆಸ್ಟರಾನ್ ಒಂದು ಸಲ ಚಿಕ್ಕದಾಗಿ ಏರಿ ಇಳಿಯುತ್ತದೆ. ಇದೇ ಗರ್ಭಕೋಶದ ಒಳಪದರವನ್ನು ಎಬ್ಬಿಸುವುದು. ಒಳಪದರದ ಸ್ರಾವ ಬಂದ ಮೇಲೆ ಭ್ರೂಣ ಉಬ್ಬತೊಡಗುತ್ತದೆ. ನಂತರ ಪ್ರೊಜೆಸ್ಟರಾನ್ ನಿಧಾನವಾಗಿ ಏರುತ್ತಾ ಹೋಗುತ್ತದೆ. 26, 27ನೇ ದಿನಕ್ಕೆ ಹೆರಿಗೆ. ಹೆರಿಗೆಯ ಹೊತ್ತಿಗೆ ದಿಢೀರ್ ಇಳಿತ.

ಈ ಪ್ರಮಾಣ ಎಷ್ಟು ಕಡಿಮೆ ಗೊತ್ತಾ? ಗರ್ಭದ ಕೊನೆಯಲ್ಲೂ ಟಮಾರ್‌ನ ರಕ್ತದಲ್ಲಿ ಮಿಲಿಲೀಟರಿಗೆ ಒಂದು ನ್ಯಾನೊಗ್ರಾಮ್ ಮುಟ್ಟುವುದಿಲ್ಲ. ನಿಮ್ಮ ಹಸುವಿನಲ್ಲಿ ಗಂಟು ಜೋರಾಗಿರುವಾಗ ಅದರ ಹಲವು ಪಟ್ಟು ಇರುತ್ತದೆ. ಇನ್ನೊಂದು ವಿಚಿತ್ರ ಕೇಳಿ. ಮೊದಲ ವಾರ ಕಳೆದ ಮೇಲೆ ಅಂಡಾಶಯವನ್ನೇ ತೆಗೆದರೂ ಭ್ರೂಣ ಬೆಳೆಯುತ್ತದೆ. ಕ್ವೊಕ್ಕಾ ಎಂಬ ಇನ್ನೊಂದು ಸಣ್ಣ ಪ್ರಾಣಿಯಲ್ಲಿ ಹ್ಯೂ ಟಿಂಡೇಲ್-ಬಿಸ್ಕೋ 1963ರಲ್ಲೇ ಇದನ್ನು ತೋರಿಸಿದ್ದರು. ಆದರೆ ಹಾಗೆ ತೆಗೆದಾಗ ಹೆರಿಗೆ ಕೆಡುತ್ತದೆ. ಗಂಟು ಶುರುವಿನಲ್ಲೂ ಬೇಕು, ಕೊನೆಯಲ್ಲೂ ಬೇಕು.

ನಿಮ್ಮ ಎರಡನೇ ಪ್ರಶ್ನೆ, ಇಂಜೆಕ್ಷನ್. ಹಸುವಿನಲ್ಲಿ ಗರ್ಭಕೋಶವೇ ಗಂಟನ್ನು ಕರಗಿಸುತ್ತದೆ ಅಂದೆನಲ್ಲ. ಚೀಲದ ಪ್ರಾಣಿಗಳಲ್ಲಿ ಹಾಗಲ್ಲ. ಬ್ರಷ್‌ಟೇಲ್ ಪಾಸಮ್ ಎಂಬ ಪ್ರಾಣಿಯ ಗರ್ಭಕೋಶ ತೆಗೆದರೂ ಹಳದಿ ಗಂಟು ತನ್ನ ಸಮಯಕ್ಕೇ ಮುಗಿಯುತ್ತದೆ ಎಂದು 1965ರಲ್ಲೇ ಗೊತ್ತಾಗಿತ್ತು. ಬಹುತೇಕ ಚೀಲದ ಪ್ರಾಣಿಗಳಲ್ಲಿ ಗರ್ಭ ಧರಿಸಿದರೂ ಧರಿಸದಿದ್ದರೂ ಗಂಟಿನ ಆಯಸ್ಸು ಹೆಚ್ಚುಕಡಿಮೆ ಒಂದೇ. ಗರ್ಭವೇ ಒಂದು ಬೆದೆಯಿಂದ ಇನ್ನೊಂದು ಬೆದೆಯೊಳಗೆ ಮುಗಿದುಹೋಗುತ್ತದೆ. ಆದ್ದರಿಂದ ಗಂಟನ್ನು ಉಳಿಸು ಎಂದು ಭ್ರೂಣ ಬೇಡಿಕೊಳ್ಳಬೇಕಾಗಿಯೇ ಇಲ್ಲ. ಹಾಗೆಂದು ತಾಯಿಗೆ ಭ್ರೂಣದ ಅರಿವೇ ಇಲ್ಲ ಎಂದುಕೊಳ್ಳಬೇಡಿ. ವಾಲಬಿಗೆ ಎರಡು ಬೇರೆಬೇರೆ ಗರ್ಭಕೋಶಗಳಿವೆ. ಭ್ರೂಣ ಇರುವ ಕಡೆ ಒಳಪದರ ಹೆಚ್ಚು ಬೆಳೆಯುತ್ತದೆ, ಖಾಲಿ ಇರುವ ಕಡೆ ಕಡಿಮೆ. ರಕ್ತದಲ್ಲಿ ಹರಿಯುವ ಹಾರ್ಮೋನ್ ಎರಡಕ್ಕೂ ಒಂದೇ ಆದ್ದರಿಂದ ಈ ವ್ಯತ್ಯಾಸ ಭ್ರೂಣದ್ದೇ ಕೆಲಸ. ಇದನ್ನು 1972ರಲ್ಲಿ ತೋರಿಸಿದವರೂ ರೆನ್‌ಫ್ರೀ ಅವರೇ.

ವಾಲಬಿಗೆ ಪ್ರೊಸ್ಟಗ್ಲಾಂಡಿನ್ ಚುಚ್ಚಿದರೆ ಏನಾಗುತ್ತದೆ? ಗರ್ಭ ಇಲ್ಲದ ಹೆಣ್ಣು ಕೂಡ ಹೆರಿಗೆಗೆ ಕೂರುವಂತೆ ಕೂತು ಚೀಲ ನೆಕ್ಕತೊಡಗುತ್ತದೆ. ಜೊತೆಗೆ ಪ್ರೊಲ್ಯಾಕ್ಟಿನ್ ಜೋರಾಗಿ ಏರುತ್ತದೆ. ಗಂಟು ತನ್ನ ಕಾಲ ಮುಗಿಸುವ ಹಂತದಲ್ಲಿದ್ದರೆ ಪ್ರೊಜೆಸ್ಟರಾನ್ ಇಳಿಯುತ್ತದೆ. ಅಂದರೆ ಇಂಜೆಕ್ಷನ್ ಒಂದೇ, ಕೆಲಸ ಮಾಡುವ ದಾರಿ ಬೇರೆ. ಇಲ್ಲಿ ನಡುವೆ ಪ್ರೊಲ್ಯಾಕ್ಟಿನ್ ಕೈ ಇದೆ. ಸಹಜ ಹೆರಿಗೆಯಲ್ಲೂ ಹೀಗೇ. ಅರ್ಧ ಗ್ರಾಮ್ ಇಲ್ಲದ ಮರಿಯ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಬರುತ್ತದೆ. ಪ್ರೊಸ್ಟಗ್ಲಾಂಡಿನ್ ಏರುತ್ತದೆ. ನಮ್ಮಲ್ಲಿ ಆಕ್ಸಿಟೋಸಿನ್ ಮಾಡುವ ಕೆಲಸವನ್ನು ಅಲ್ಲಿ ಮೆಸೊಟೋಸಿನ್ ಮಾಡಿ ಗರ್ಭಕೋಶ ಬಿಗಿಯುತ್ತದೆ. ಪ್ರೊಲ್ಯಾಕ್ಟಿನ್ ಏರಿ ಪ್ರೊಜೆಸ್ಟರಾನ್ ಬೀಳುತ್ತದೆ. ಆ ಹೊತ್ತಿಗೆ ಇನ್ನೊಂದು ಫಾಲಿಕಲ್ ಸಿದ್ಧವಾಗಿರುತ್ತದೆ. ಅದರ ಈಸ್ಟ್ರಡಯಾಲ್ ಏರಿ ಬೆದೆ, ಎಲ್‌ಎಚ್ ಏರಿಕೆ, ಹೊಸ ಮೊಟ್ಟೆ. ಹೆರಿಗೆ, ಬೆದೆ, ಹಾಲು ಮೂರೂ ಒಂದೇ ದಿನಕ್ಕೆ ಬರುವಂತೆ ಇಷ್ಟು ಹಾರ್ಮೋನ್‌ಗಳು ಜೊತೆಗೂಡುವುದನ್ನು ಎಷ್ಟು ಸಲ ಓದಿದರೂ ನನಗೆ ಸಾಕಾಗುವುದಿಲ್ಲ.

ಸ್ವಾಂಪ್ ವಾಲಬಿ ಇನ್ನೂ ಒಂದು ಹೆಜ್ಜೆ ಮುಂದೆ. ಹೊಟ್ಟೆಯಲ್ಲಿ ದಿನ ತುಂಬಿದ ಮರಿ ಇರುವಾಗಲೇ, ಹೆರಿಗೆಗೆ ಒಂದೆರಡು ದಿನ ಮೊದಲೇ, ಅದು ಬೆದೆಗೆ ಬಂದು ಇನ್ನೊಂದು ಗರ್ಭಕೋಶದಲ್ಲಿ ಹೊಸ ಗರ್ಭ ಧರಿಸುತ್ತದೆ. ಇದನ್ನು ಅಲ್ಟ್ರಾಸೌಂಡ್ ಮಾಡಿ ಖಚಿತಪಡಿಸಿದ್ದು 2020ರಲ್ಲಿ ಪ್ರಕಟವಾಯಿತು.

ಪ್ರೊಲ್ಯಾಕ್ಟಿನ್ ಎಂದರೆ ಎಲ್ಲೆಡೆ ತಡೆಯುವ ಹಾರ್ಮೋನ್ ಎಂದು ಮಾತ್ರ ಬರೆಯಬೇಡಿ. ಇಲಿಯಲ್ಲಿ ಅದು ಹಳದಿ ಗಂಟನ್ನು ಸಾಕುವ ಹಾರ್ಮೋನ್. ಮಿಂಕ್ ಎಂಬ ಪ್ರಾಣಿಯಲ್ಲೂ ಭ್ರೂಣ ನಿಂತಿರುತ್ತದೆ, ಅಲ್ಲೂ ಹಗಲಿನ ಉದ್ದವೇ ಲೆಕ್ಕ. ಆದರೆ ಮಾರ್ಚ್‌ನಲ್ಲಿ ಹಗಲು ಉದ್ದವಾದಾಗ ಪ್ರೊಲ್ಯಾಕ್ಟಿನ್ ಏರಿ ಅದರ ಗಂಟನ್ನು ಎಬ್ಬಿಸುತ್ತದೆ! ವಾಲಬಿಯಲ್ಲಿ ನಡೆಯುವುದಕ್ಕೆ ತೀರಾ ಉಲ್ಟಾ. ಡಿಗ್ರಿ ಪಾಠಗಳಲ್ಲಿ ಒಂದು ಹಾರ್ಮೋನ್‌ಗೆ ಒಂದೇ ಕೆಲಸ ಎಂಬ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಅದು ಮಕ್ಕಳಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹಾರ್ಮೋನ್ ಏನು ಮಾಡುತ್ತದೆ ಎಂಬುದು ಅದನ್ನು ಹಿಡಿಯುವ ಜೀವಕೋಶದ ಮೇಲೆ, ಆ ಜೀವಕೋಶ ಯಾವ ಹಂತದಲ್ಲಿದೆ ಎಂಬುದರ ಮೇಲೆ ನಿಂತಿದೆ. ಟಮಾರ್‌ನಲ್ಲೇ ನೋಡಿ, ಶುರುವಿನಲ್ಲಿ ಪ್ರೊಲ್ಯಾಕ್ಟಿನ್ ಗಂಟನ್ನು ಮಲಗಿಸುತ್ತದೆ, ನಡುವೆ ಏನೂ ಮಾಡಲಾರದು, ಕೊನೆಯಲ್ಲಿ ಅದೇ ಗಂಟನ್ನು ಮುಗಿಸುತ್ತದೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಸೆಮಿನಾರಿನಲ್ಲಿ ಯಾರಾದರೂ ಕೇಳುತ್ತಾರೆ. ಹೊಟ್ಟೆಯ ಚೀಲ ಕೂಡ ಅಂಡಾಶಯದ ಸ್ಟೀರಾಯ್ಡ್‌ನಿಂದಲೇ ಹುಟ್ಟುವುದಾ ಅಂತ. ಅಲ್ಲ. ಚೀಲದ ಮೊಳಕೆ ಅಂಡಾಶಯ ರೂಪುಗೊಳ್ಳುವ ಮೊದಲೇ ಕಾಣಿಸಿಕೊಳ್ಳುತ್ತದೆ. ಅದು ಎಕ್ಸ್ ಕ್ರೋಮೊಸೋಮ್‌ಗೆ ಸೇರಿದ ಲೆಕ್ಕ.

ಸೆಮಿನಾರ್‌ಗೆ ಖಂಡಿತ ತೆಗೆದುಕೊಳ್ಳಿ. ಬೋರ್ಡಿನ ಮೇಲೆ ಎರಡು ಗ್ರಾಫ್ ಸಾಕು. ಮೊದಲನೆಯದರಲ್ಲಿ ಹಸುವಿನ 21 ದಿನ ಹಾಕಿ: ಪ್ರೊಜೆಸ್ಟರಾನ್ ಏರಿ, ಮಟ್ಟವಾಗಿ ನಿಂತು, 17ರ ಹೊತ್ತಿಗೆ ಬೀಳುವುದು, ಬೀಳುವ ಜಾಗದಲ್ಲಿ ಗರ್ಭಕೋಶದಿಂದ ಒಂದು ಬಾಣ. ಅದರ ಕೆಳಗೆ ಟಮಾರ್‌ನ 27 ದಿನ: ಐದಾರನೇ ದಿನದ ಚಿಕ್ಕ ಏರಿಕೆ, ಆಮೇಲಿನ ನಿಧಾನ ಏರಿಕೆ, ಕೊನೆಯ ದಿಢೀರ್ ಇಳಿತ. ಸೊನ್ನೆ ದಿನದ ಎಡಕ್ಕೆ ಒಂದು ಉದ್ದನೆಯ ಚಪ್ಪಟೆ ಗೆರೆ ಎಳೆದು ಅದರ ಮೇಲೆ ಪ್ರೊಲ್ಯಾಕ್ಟಿನ್ ಎಂದು ಬರೆಯಿರಿ. ಎರಡಕ್ಕೂ ಒಂದೇ ಅಳತೆ ಇಡಬೇಡಿ, ವಾಲಬಿಯ ಗೆರೆ ಕಣ್ಣಿಗೇ ಕಾಣುವುದಿಲ್ಲ. ಹರ್ನ್ ಅವರ ಪ್ರಯೋಗವನ್ನು ಗ್ರಾಫ್ ಬರೆಯುವ ಮೊದಲೇ ಹೇಳಿ, ಪಿಟ್ಯುಟರಿ ತೆಗೆದರೆ ಏನಾಗಬಹುದು ಎಂದು ಕ್ಲಾಸನ್ನು ಕೇಳಿ, ಉತ್ತರ ಬಂದ ಮೇಲೆ ಫಲಿತಾಂಶ ಕೊಡಿ.